ಗಲಭೆಯ ನಗರದಲ್ಲಿ ರಂಗಮಂದಿರ: ‘ಸರ್ ಥಾಮಸ್ ಮೋರ್’ ನಾಟಕ ಮತ್ತು ಪ್ರಬೋಧಕನ ಹೊಣೆ

ಪ್ರೇಷಿತರ ಕಾರ್ಯಕಲಾಪಗಳ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಎಫೆಸ ನಗರದ ಜನರು ಉದ್ರೇಕಗೊಂಡು ರಂಗಮಂದಿರಕ್ಕೆ ನುಗ್ಗುವ ಪ್ರಸಂಗವಿದೆ. ಅವರು ಎಳೆದೊಯ್ದ ಗಾಯ ಮತ್ತು ಅರಿಸ್ತಾರ್ಕ ಇಬ್ಬರೂ ಮಕೆದೋನಿಯದವರು, ಆ ಊರಿಗೆ ಹೊರಗಿನವರು. ಸಮಜಾಯಿಷಿ ಹೇಳಲು ಮುಂದೆ ಬಂದ ಅಲೆಕ್ಸಾಂಡರನು ಯೆಹೂದ್ಯನೆಂದು ತಿಳಿದೊಡನೆ ಜನರು ಎರಡು ಗಂಟೆಗಳ ಕಾಲ ಒಂದೇ ಘೋಷಣೆಯನ್ನು ಕೂಗಿದರು. ತಾವು ಏಕೆ ಸೇರಿದ್ದೇವೆಂಬುದೇ ಅವರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ ಎಂದು ಲೂಕನು ದಾಖಲಿಸುತ್ತಾನೆ. ಕೊನೆಗೆ ಅವರನ್ನು ಶಾಂತಗೊಳಿಸಿದವನು ಪಟ್ಟಣದ ಒಬ್ಬ ಅಧಿಕಾರಿ. ಹಿಡಿದು ತಂದವರು ತಪ್ಪಿತಸ್ಥರಲ್ಲವೆಂದು ಆತ ಹೇಳಿದ್ದುಂಟು; ಆದರೆ ಅವನ ಮಾತಿನ ತೂಕವೆಲ್ಲ ಬಿದ್ದಿರುವುದು ದಂಗೆಯ ಆರೋಪ ನಮ್ಮ ತಲೆಗೇ ಬಂದೀತೆಂಬ ಎಚ್ಚರಿಕೆಯ ಮೇಲೆ. ಸಭೆ ಚದರಿತು. ಮನಸ್ಸುಗಳು ಬದಲಾದವೆಂದು ಲೂಕನು ಎಲ್ಲಿಯೂ ಹೇಳುವುದಿಲ್ಲ.

ಕೆರಳಿದ ಜನಸಮೂಹದ ಮುಂದೆ ನಿಂತವನು ಏನನ್ನು ಹೇಳಬೇಕು, ಏನನ್ನು ಹೇಳದೆ ಬಿಡಬಹುದು? ಈ ಪ್ರಶ್ನೆ ಒಂದನೇ ಎಲಿಜಬೆತ್ ರಾಣಿಯ ಕಾಲದ ಲಂಡನ್ನಿನಲ್ಲಿ ರಂಗಮಂದಿರಗಳನ್ನು ನಡೆಸಿದವರನ್ನು ದಿನನಿತ್ಯ ಕಾಡಿತು. ಪ್ರಬೋಧನಪೀಠವನ್ನು ಏರುವ ನಮಗೂ ಅದು ಹೊರತಲ್ಲ. ಆ ಕಾಲದಲ್ಲಿ ಬರೆಯಲ್ಪಟ್ಟು, ಆಗ ಪ್ರದರ್ಶನಗೊಂಡ ದಾಖಲೆಯಿಲ್ಲದ ‘ಸರ್ ಥಾಮಸ್ ಮೋರ್’ ಎಂಬ ನಾಟಕವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ಒಂದು ರಂಗಮಂದಿರದ ಲೆಕ್ಕ

ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಲಂಡನ್ ನಗರಾಡಳಿತದ ಅಧಿಕಾರ ತಲುಪದ ಕ್ಲಿಂಕ್ ಎಂಬ ಪ್ರದೇಶದಲ್ಲಿ ಫಿಲಿಪ್ ಹೆನ್ಸ್ಲೋ ಎಂಬ ವ್ಯಾಪಾರಿ 1587ರಲ್ಲಿ ‘ರೋಸ್’ ರಂಗಮಂದಿರವನ್ನು ಕಟ್ಟಿಸಿದನು. ಕ್ಲಿಂಕ್ ವಿಂಚೆಸ್ಟರಿನ ಬಿಷಪರ ಅಧಿಕಾರವ್ಯಾಪ್ತಿಗೆ ಸೇರಿದ್ದಿತು. ರಂಗಮಂದಿರ ನಿಂತ ನೆಲವಾದರೋ ಬ್ರೆಡ್ ಸ್ಟ್ರೀಟಿನ ಸಂತ ಮಿಲ್ಡ್ರೆಡ್ ಧರ್ಮಕೇಂದ್ರದ ಆಸ್ತಿ. ಹೆನ್ಸ್ಲೋ ಅದನ್ನು ಗೇಣಿಗೆ ಪಡೆದಿದ್ದನು. ಧರ್ಮಸಭೆಯ ನೆಲದಲ್ಲಿ ನಿಂತ ಈ ಮಂದಿರವನ್ನು ಧರ್ಮಸಭೆಯ ಪ್ರಬೋಧಕರು ಪಿಶಾಚಿಯ ಮನೆಯೆಂದು ಖಂಡಿಸಿದರು ಎಂಬುದನ್ನು ಆರಂಭದಲ್ಲಿಯೇ ಗಮನಿಸಬೇಕು.

ಹೆನ್ಸ್ಲೋವಿನ ಲೆಕ್ಕಪುಸ್ತಕ ಇಂದಿಗೂ ಡಲ್ವಿಚ್ ಕಾಲೇಜಿನಲ್ಲಿ ಉಳಿದಿದೆ. ಪ್ರೇಕ್ಷಕರಿಂದ ಕೂಡಿಬಂದ ಹಣದಲ್ಲಿ ಅವನ ಪಾಲು ಒಂದು ಕಡೆ. ಬಟ್ಟೆಬರೆ, ನಾಟಕಕಾರರಿಗೆ ಕೊಟ್ಟ ಮುಂಗಡ, ಪರವಾನಗಿಯ ಶುಲ್ಕ ಇನ್ನೊಂದು ಕಡೆ. ಪ್ರತಿಯೊಂದು ಹೊಸ ನಾಟಕವನ್ನೂ ಆಸ್ಥಾನದ ವಿನೋದಾಧಿಕಾರಿಯಾದ ಎಡ್ಮಂಡ್ ಟಿಲ್ನಿಗೆ ಒಪ್ಪಿಸಿ, ಏಳು ಶಿಲ್ಲಿಂಗ್ ತೆತ್ತು, ಅವನ ಸಹಿ ಪಡೆಯಬೇಕಿತ್ತು. 1592ರ ಮಾರ್ಚ್ 3ರಂದು ಆರನೆಯ ಹೆನ್ರಿಯನ್ನು ಕುರಿತ ನಾಟಕವೊಂದರಿಂದ ಹೆನ್ಸ್ಲೋವಿನ ಪಾಲಿಗೆ 3 ಪೌಂಡ್ 16 ಶಿಲ್ಲಿಂಗ್ 8 ಪೆನ್ನಿ ಬಂದವು. ಅದೇ ವರ್ಷ ಅವನು ಮಂದಿರವನ್ನು ವಿಸ್ತರಿಸಲು ನೂರು ಪೌಂಡಿಗೂ ಮಿಕ್ಕಿ ಖರ್ಚು ಮಾಡಿದ್ದನು.

ಆ ವರ್ಷದ ಜೂನ್ 11ರ ಭಾನುವಾರ ಸಂಜೆ ಸದರ್ಕ್ ಪ್ರದೇಶದಲ್ಲಿ ಗಲಭೆಯೆದ್ದಿತು. ಫೆಲ್ಟ್ ಬಟ್ಟೆ ಮಾಡುವವರ ಆಳುಗಳು ಸೆರೆಯಲ್ಲಿದ್ದ ತಮ್ಮ ಸಂಗಡಿಗನೊಬ್ಬನನ್ನು ಬಿಡಿಸಲು ಮಾರ್ಷಲ್‌ಸೀ ಸೆರೆಮನೆಯತ್ತ ಗುಂಪುಗೂಡಿದರು. ನಾಟಕ ನೋಡುವ ನೆಪದಲ್ಲಿ ಅವರು ಒಟ್ಟುಸೇರಿದರೆಂದೂ ಇಂತಹ ಅವ್ಯವಸ್ಥೆಗೆ ನಾಟಕಗಳೇ ಅವಕಾಶ ಕೊಡುತ್ತವೆಂದೂ ಲಾರ್ಡ್ ಮೇಯರ್ ಮರುದಿನವೇ ಮಂತ್ರಿ ಬರ್ಲಿಗೆ ಪತ್ರ ಬರೆದರು. ಜೂನ್ 23ರಂದು ರಾಣಿಯ ಪ್ರಿವಿ ಕೌನ್ಸಿಲ್ ಮೈಕೆಲ್ಮಸ್ ಹಬ್ಬದವರೆಗೆ ಎಲ್ಲ ನಾಟಕಗಳನ್ನೂ ನಿಲ್ಲಿಸಿತು. ಬಳಿಕ ಪ್ಲೇಗು ಬಂದು ಆ ನಿಷೇಧವನ್ನು ಇನ್ನಷ್ಟು ಉದ್ದವಾಗಿಸಿತು. ಊರೂರು ಅಲೆದು ನಾಟಕವಾಡುವ ಖರ್ಚು ತಮಗೆ ತಾಳಲಾರದಷ್ಟಾಗಿದೆಯೆಂದು ನಟರ ತಂಡ ಅರ್ಜಿ ಸಲ್ಲಿಸಿತು. ಪ್ರೇಕ್ಷಕರನ್ನು ನದಿ ದಾಟಿಸಿ ಬದುಕುತ್ತಿದ್ದ ದೋಣಿಯವರೂ ತಮ್ಮ ಹೆಂಡಿರು ಮಕ್ಕಳ ಹೆಸರಿನಲ್ಲಿ ‘ರೋಸ್’ ತೆರೆಯುವಂತೆ ಬೇಡಿಕೊಂಡರು. ಗಲಭೆ ಮಾಡಿದವರು ಬೇರೆ, ಹಸಿದವರು ಬೇರೆ. ಬಾಗಿಲು ತೆರೆದಿರಬೇಕಾದರೆ ಏನನ್ನು ಆಡಬಾರದು ಎಂಬ ಎಣಿಕೆ ಅಂದಿನ ಪ್ರತಿಯೊಬ್ಬ ನಾಟಕಕಾರನ ತಲೆಯಲ್ಲಿಯೂ ಇದ್ದಿರಲೇಬೇಕು.

೨. ಪೀಠದ ಆರೋಪ, ಪೀಠದ ಪಾಪ

ಪ್ರಬೋಧಕರ ವಿರೋಧ ಇದಕ್ಕೂ ಹಳೆಯದು. 1577ರಲ್ಲಿ ಥಾಮಸ್ ವೈಟ್ ಎಂಬ ಪ್ರಬೋಧಕನು ಸಂತ ಪೌಲರ ಮಹಾದೇವಾಲಯದ ಅಂಗಳದ ಪೀಠದಿಂದ ಒಂದು ತರ್ಕವನ್ನು ಮುಂದಿಟ್ಟನು: ಪ್ಲೇಗಿಗೆ ಕಾರಣ ಪಾಪ, ಪಾಪಕ್ಕೆ ಕಾರಣ ನಾಟಕ, ಆದ್ದರಿಂದ ಪ್ಲೇಗಿಗೆ ಕಾರಣ ನಾಟಕ. ತರ್ಕಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಇದರ ದೋಷವನ್ನು ತೋರಿಸಬಲ್ಲನು. ಒಮ್ಮೆ ತಾನೇ ನಾಟಕಗಳನ್ನು ಬರೆದಿದ್ದ ಸ್ಟೀಫನ್ ಗಾಸನ್ 1579ರಲ್ಲಿ ರಂಗಭೂಮಿಯನ್ನು ಖಂಡಿಸಿ ಪುಸ್ತಕ ಬರೆದು, ಮುಂದೆ ಸಭಾಪಾಲಕನಾದನು. ಇವರನ್ನು ಮೂಢರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಭಾನುವಾರದ ಆರಾಧನೆಯ ಹೊತ್ತಿಗೇ ಜನ ನಾಟಕಕ್ಕೆ ಹೋಗುತ್ತಿದ್ದರು. ಇಕ್ಕಟ್ಟಿನ ಗುಂಪಿನಲ್ಲಿ ರೋಗ ಹರಡುತ್ತಿತ್ತು. ಕಳ್ಳತನ, ವ್ಯಭಿಚಾರಗಳು ಆ ಸುತ್ತಿನಲ್ಲಿ ಇದ್ದವು. ಪಾಲಕನಿಗೆ ತನ್ನ ಮಂದೆಯ ಕುರಿತು ಆತಂಕವಿರುವುದು ಸಹಜ.

ಆದರೆ ಆತಂಕದೊಡನೆ ಇಬ್ಬಗೆಯೂ ಇತ್ತು. ‘ರೋಸ್’ ಇದ್ದ ಸದರ್ಕಿನ ಸಂತ ಸೇವಿಯರ್ ಧರ್ಮಕೇಂದ್ರದ ಆಡಳಿತ ಮಂಡಳಿ ತನ್ನ ವ್ಯಾಪ್ತಿಯ ರಂಗಮಂದಿರಗಳನ್ನು ಮುಚ್ಚಿಸಬೇಕೆಂದು 1598ರಲ್ಲಿ ಅರ್ಜಿ ಹಾಕಲು ತೀರ್ಮಾನಿಸಿತು. 1600ರಲ್ಲಿ ಅದೇ ಮಂಡಳಿ ಆ ಮಂದಿರಗಳಿಂದ ದಶಮಾಂಶವನ್ನೂ ಬಡವರ ನಿಧಿಗೆ ಹಣವನ್ನೂ ವಸೂಲಿ ಮಾಡಲು ನಟರೊಡನೆ ಮಾತುಕತೆ ನಡೆಸುವಂತೆ ತನ್ನ ಅಧಿಕಾರಿಗಳಿಗೆ ಆದೇಶಿಸಿತು. ಮುಂದೆ ಹೆನ್ಸ್ಲೋ ತಾನೇ ಆ ಧರ್ಮಕೇಂದ್ರದ ಆಡಳಿತಾಧಿಕಾರಿಗಳಲ್ಲಿ ಒಬ್ಬನಾದನು.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಲಂಡನ್ ಅತ್ಯಂತ ಭಯದಿಂದ ನೆನೆಯುತ್ತಿದ್ದ ಗಲಭೆಯನ್ನು ಹುಟ್ಟಿಸಿದ್ದು ನಾಟಕವಲ್ಲ, ಪ್ರಬೋಧನೆ. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1517ರ ಪಾಸ್ಖ ವಾರದಲ್ಲಿ, ಜಾನ್ ಲಿಂಕನ್ ಎಂಬಾತ ಪರದೇಶಿ ವ್ಯಾಪಾರಿಗಳ ಮೇಲಣ ದೂರುಗಳನ್ನು ಒಬ್ಬ ಪ್ರಬೋಧಕನ ಮುಂದಿಟ್ಟನು, ಆತ ಒಪ್ಪಲಿಲ್ಲ. ಎರಡನೆಯವನು ಒಪ್ಪಿದನು. ಸಂತ ಮೇರಿ ಸ್ಪಿಟಲಿನಲ್ಲಿ ಆ ದೂರನ್ನು ಓದಿ, 115ನೆಯ ಕೀರ್ತನೆಯ ವಚನವೊಂದನ್ನು ಹಿಡಿದು ಪ್ರಬೋಧಿಸಿದನು. ಭೂಮಿಯನ್ನು ದೇವರು ಮನುಷ್ಯಕುಲಕ್ಕೆ ಕೊಟ್ಟರೆಂದು ಕೀರ್ತನಕಾರನು ಹಾಡಿದ್ದನು. ಈ ನಾಡನ್ನು ದೇವರು ಇಂಗ್ಲಿಷರಿಗೆ ಕೊಟ್ಟರೆಂದು ಪ್ರಬೋಧಕನು ವಿವರಿಸಿದನು. ಎಲ್ಲರಿಗೂ ಸಲ್ಲುವ ವಚನ ಕೆಲವರ ಹಕ್ಕುಪತ್ರವಾಯಿತು. ಮೇ ತಿಂಗಳ ಮೊದಲ ದಿನ ನಸುಕಿನೊಳಗೆ ಪರದೇಶಿಗಳ ಮನೆ ಅಂಗಡಿಗಳು ಲೂಟಿಯಾದವು. ಲಿಂಕನ್ ಮತ್ತಿತರರು ನೇಣಿಗೇರಿದರು. ಕೊರಳಿಗೆ ಹಗ್ಗ ಕಟ್ಟಿಕೊಂಡು ರಾಜನ ಮುಂದೆ ನಿಂತ ಸುಮಾರು 400 ಮಂದಿಗೆ ಕ್ಷಮೆ ದೊರೆಯಿತು. ‘ಕೆಟ್ಟ ಮೇ ದಿನ’ವೆಂದು ನಗರ ಅದನ್ನು ನೆನಪಿಟ್ಟಿತು.

೩. ತೆಗೆದುಹಾಕಬೇಕಾದ ದೃಶ್ಯ

ಎಲಿಜಬೆತ್ ಕಾಲದ ನಾಟಕಕಾರರು ಈ ಘಟನೆಯನ್ನೇ ಎತ್ತಿಕೊಂಡದ್ದು ಸಾಹಸದ ಕೆಲಸ. 1590ರ ದಶಕದಲ್ಲಿ ಲಂಡನ್ನಿಗೆ ಫ್ಲಾಂಡರ್ಸ್ ಮತ್ತು ಫ್ರಾನ್ಸಿನಿಂದ ಮತೀಯ ಹಿಂಸೆಗೆ ಓಡಿಬಂದ ನಿರಾಶ್ರಿತರು ಬಹಳವಾಗಿದ್ದರು. ನಮ್ಮವರ ದುಡಿಮೆಯನ್ನು ಕಸಿದವರು ಎಂಬ ಗೊಣಗು ಎಲ್ಲೆಡೆ ಕೇಳುತ್ತಿತ್ತು. 1593ರ ಮೇ 5ರ ರಾತ್ರಿ ಡಚ್ ಸಭೆಯ ಆವರಣದ ಗೋಡೆಗೆ ಅವರ ಕೊರಳು ಕತ್ತರಿಸುವ ಬೆದರಿಕೆಯ ಪದ್ಯವೊಂದನ್ನು ಯಾರೋ ಅಂಟಿಸಿದರು. ಕೆಳಗಿದ್ದ ಸಹಿ ‘ತಾಂಬುರ್ಲೇನ್’. ಕ್ರಿಸ್ಟೊಫರ್ ಮಾರ್ಲೋ ಬರೆದ ಜನಪ್ರಿಯ ನಾಟಕದ ನಾಯಕನ ಹೆಸರು. ನಾಟಕಕಾರ ಥಾಮಸ್ ಕಿಡ್ ಬಂಧಿತನಾಗಿ ಚಿತ್ರಹಿಂಸೆಗೊಳಗಾದನು. ಪ್ರಿವಿ ಕೌನ್ಸಿಲ್ ಮಾರ್ಲೋವನ್ನೂ ಕರೆಸಿತು. ಆ ತಿಂಗಳ 30ರಂದು ಅವನು ಡೆಟ್‌ಫರ್ಡಿನಲ್ಲಿ ಇರಿತಕ್ಕೆ ಬಲಿಯಾದನು. 1595ರಲ್ಲಿ ಬೆಲೆಯೇರಿಕೆಯ ಗಲಭೆಗಳ ನಂತರ ಕಸುಬು ಕಲಿಯುವ ಐವರು ಹುಡುಗರನ್ನು ಟವರ್ ಹಿಲ್ಲಿನಲ್ಲಿ ಕೊಲ್ಲಲಾಯಿತು.

ಈ ವಾತಾವರಣಕ್ಕೆ ಸೇರಿದ ‘ಸರ್ ಥಾಮಸ್ ಮೋರ್’ ನಾಟಕದ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದು ಮೊದಲು ಅಚ್ಚಾದದ್ದು 1844ರಲ್ಲಿ. ಕೆಲವು ವಿದ್ವಾಂಸರು ಇದನ್ನು ‘ರೋಸ್’ ಮಂದಿರದೊಡನೆಯೇ ಜೋಡಿಸುತ್ತಾರೆ. ಮೂಲಪ್ರತಿಯ ಕೈಬರಹ ಆಂಟನಿ ಮಂಡೇ ಎಂಬವನದು. ಈತನ ಹೆಸರು ಗುರುಮಠದ ಓದುಗರಿಗೆ ತಿಳಿದಿರಬೇಕು. ಯೌವನದಲ್ಲಿ ರೋಮಿನ ಇಂಗ್ಲಿಷ್ ಗುರುಮಠದಲ್ಲಿ ಅತಿಥಿಯಾಗಿ ಉಂಡು, ಮರಳಿ ಬಂದು ಅದರ ವಿರುದ್ಧ ಬರೆದು, 1581ರಲ್ಲಿ ಸಂತ ಎಡ್ಮಂಡ್ ಕಾಂಪಿಯನ್ ಮತ್ತು ಸಂಗಡಿಗರ ವಿಚಾರಣೆಯಲ್ಲಿ ಅವರ ವಿರುದ್ಧ ಸಾಕ್ಷಿ ನುಡಿದವನು ಇವನೇ. ಇಂಥವನು ರಾಜನಿಗೆ ಮಣಿಯದೆ ಸತ್ತ ಕಥೋಲಿಕನೊಬ್ಬನನ್ನು ಗೌರವದಿಂದ ಚಿತ್ರಿಸಲು ಕೈಹಾಕಿದ್ದು ನಮಗೆ ಇಂದಿಗೂ ಅಚ್ಚರಿ. ಪ್ರತಿಯನ್ನು ಮುಂದೆ ಹಲವರು ತಿದ್ದಿದರು. ಪರದೇಶಿಗಳ ಪರವಾಗಿ ಮೋರ್ ಆಡುವ ಮಾತುಗಳಿರುವ ಮೂರು ಪುಟಗಳು ಷೇಕ್ಸ್‌ಪಿಯರನ ಕೈಬರಹವೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ.

ಹಸ್ತಪ್ರತಿಯ ಮೊದಲ ಪುಟದ ಅಂಚಿನಲ್ಲಿ ಟಿಲ್ನಿಯ ಆದೇಶವಿದೆ. ದಂಗೆಯನ್ನು ಪೂರ್ತಿ ತೆಗೆಯಬೇಕು, ಅದರ ಕಾರಣವನ್ನೂ ತೆಗೆಯಬೇಕು. ಗಲಭೆಯನ್ನು ಅಡಗಿಸಿದ ಮೋರನ ಸೇವೆಯನ್ನು ಕಿರಿದಾದ ವರದಿಯಾಗಿ ಹೇಳಿದರೆ ಸಾಕು. ಮೀರಿದರೆ ಬರುವ ಅಪಾಯ ನಿಮ್ಮದೇ ಎಂಬುದು ಅದರ ಸಾರ. ಒಳಪುಟಗಳಲ್ಲಿ ಪರದೇಶಿ, ಫ್ರೆಂಚ್ ಎಂಬ ಮಾತುಗಳಿದ್ದೆಡೆ ಅವನು ಲೊಂಬಾರ್ಡ ಎಂದು ತಿದ್ದಿದನು. ಟಿಲ್ನಿಯನ್ನು ಕ್ರೂರಿಯೆನ್ನಲಾಗದು. ಜನರು ಕೆರಳಬಾರದು, ಮಂದಿರವೂ ಮುಚ್ಚಬಾರದು ಎಂಬ ಆಡಳಿತಗಾರನ ವಿವೇಕ ಅದು. ಆದರೆ ಆ ವಿವೇಕದ ಫಲವನ್ನು ನೋಡಬೇಕು: ದಂಗೆಯ ಕಾರಣವನ್ನು ತೆಗೆದರೆ, ದಂಗೆಕೋರರ ಮನಸ್ಸನ್ನು ತಿರುಗಿಸಿದ ಮಾತಿಗೂ ಎಡೆಯಿಲ್ಲ. ರೋಗವನ್ನು ಹೇಳಗೊಡದ ಕಡೆ ಮದ್ದನ್ನೂ ಕೊಡಲಾಗದು.

೪. ಮೂರು ವಾದಗಳು

ಈ ಭಾಷಣವನ್ನು ಹಲವು ವರ್ಷ ತರಗತಿಯಲ್ಲಿ ನಾವು ವಿಧೇಯತೆಯ ಪಾಠವೆಂದೇ ವಿವರಿಸಿದೆವು; ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯಕ್ಕೆ ಉದಾಹರಣೆಯಾಗಿ ಬಳಸಿದೆವು. ಈಗ ಆ ಓದು ಸಾಲದೆಂದು ನಮಗೆ ಅನ್ನಿಸಿದೆ. ಜನರ ಉತ್ತರಗಳನ್ನು ನಾವು ಗಮನಿಸಿರಲಿಲ್ಲ.

ಮೋರ್ ಮೂರು ವಾದಗಳನ್ನು ಹೂಡುತ್ತಾನೆ. ಮೊದಲನೆಯದು ಗಂಟುಮೂಟೆ ಹೊತ್ತು, ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದರಿನತ್ತ ಕಾಲೆಳೆಯುವ ಪರದೇಶಿಗಳ ಚಿತ್ರದಿಂದ ಆರಂಭವಾಗುತ್ತದೆ. ಆದರೆ ಅದು ಬೇಗನೆ ಸ್ವಹಿತದ ಎಚ್ಚರಿಕೆಯತ್ತ ಹೊರಳುತ್ತದೆ: ಬಲವಿದ್ದವನು ಗೆಲ್ಲಬಹುದೆಂದು ನೀವು ಕಲಿಸಿದರೆ, ನಾಳೆ ನಿಮಗಿಂತ ಬಲಶಾಲಿ ನಿಮ್ಮನ್ನು ನುಂಗುವನು. ಇದು ಎಫೆಸದ ಅಧಿಕಾರಿಯ ವಾದಕ್ಕೆ ಹತ್ತಿರವಾದದ್ದು. ಗುಂಪಿನಲ್ಲಿರುವ ಡಾಲ್ ಎಂಬ ಹೆಂಗಸು ಇದು ಶುಭಸಂದೇಶದಷ್ಟೇ ಸತ್ಯವೆಂದು ಮೆಚ್ಚುತ್ತಾಳೆ. ಸ್ವಹಿತದ ಲೆಕ್ಕಕ್ಕೆ ಶುಭಸಂದೇಶದ ಹೆಸರು ಬೀಳುವುದು ಎಷ್ಟು ಸುಲಭ!

ಎರಡನೆಯದು ಪ್ರೇಷಿತನ ಅಧಿಕಾರವನ್ನು ಮುಂದಿಡುತ್ತದೆ. ರಾಜನಿಗೆ ದೇವರು ತಮ್ಮ ಅಧಿಕಾರವನ್ನು, ತಮ್ಮ ಹೆಸರನ್ನು ಸಹ ಕೊಟ್ಟಿದ್ದಾರೆ. ಅವನ ವಿರುದ್ಧ ಏಳುವುದು ದೇವರ ವಿರುದ್ಧವೇ ಎದ್ದಂತೆ. ದೇವರ ವಿರುದ್ಧವೆಂಬ ಮಾತು ಕೇಳಿದೊಡನೆ ಜನ ಬೆಚ್ಚಿ, ಹಾಗಾಗದಿರಲಿ ಎನ್ನುತ್ತಾರೆ. ಆ ಕೂಗಿನಲ್ಲಿ ಭಯವಿದೆ, ಒಪ್ಪಿಗೆಯಿಲ್ಲ. ಮೋರ್ ಅಲ್ಲಿಗೆ ನಿಲ್ಲಿಸಬಹುದಿತ್ತು. ವಿಧೇಯತೆಯೇ ಭಾಷಣದ ಗುರಿಯಾಗಿದ್ದರೆ ಗುರಿ ಅಲ್ಲಿಗೆ ಮುಟ್ಟಿತ್ತು.

ಅವನು ಮುಂದುವರಿಯುತ್ತಾನೆ. ರಾಜನು ನಿಮ್ಮನ್ನು ಕೊಲ್ಲದೆ ಗಡೀಪಾರು ಮಾತ್ರ ಮಾಡಿದರೆ ನೀವು ಎಲ್ಲಿಗೆ ಹೋಗುವಿರಿ? ಫ್ರಾನ್ಸಿಗೆ ಹೋಗಲಿ, ಸ್ಪೇನಿಗೆ ಹೋಗಲಿ, ಅಲ್ಲಿ ನೀವೇ ಪರದೇಶಿಗಳು. ನಿಮ್ಮನ್ನೂ ದೇವರು ಸೃಷ್ಟಿಸಲಿಲ್ಲವೇನೋ ಎಂಬಂತೆ ಅಲ್ಲಿನವರು ನಾಯಿಯಂತೆ ಒದ್ದರೆ ಹೇಗಿದ್ದೀತು? ಇಲ್ಲಿ ಜನ ತಿರುಗುತ್ತಾರೆ. ಇತರರು ನಮಗೆ ಮಾಡಬೇಕೆಂದು ಬಯಸುವುದನ್ನೇ ನಾವೂ ಮಾಡೋಣ ಎಂಬ ಅರ್ಥದ ಮಾತು ಅವರ ಬಾಯಿಂದ ತಾನಾಗಿ ಬರುತ್ತದೆ. ಇದು ಮತ್ತಾಯನ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕೊಟ್ಟ ಸೂತ್ರ. ಈ ಸಲ ಯಾರೂ ಶುಭಸಂದೇಶದ ಹೆಸರೆತ್ತುವುದಿಲ್ಲ. ಶುಭಸಂದೇಶ ಮಾತ್ರ ನುಡಿಯಲ್ಪಟ್ಟಿದೆ.

ಮೂರನೆಯ ವಾದದ ಬೇರು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬ ನೆನಪಿನ ಮೇಲೆ ಅಲ್ಲಿ ಪರದೇಶಿಯನ್ನು ಪ್ರೀತಿಸುವ ಆಜ್ಞೆ ನಿಂತಿದೆ. ಇಸ್ರಯೇಲಿಗೆ ಅದು ನೆನಪು. ಲಂಡನ್ನಿನ ಜನರಿಗೆ ಅಂಥ ನೆನಪಿಲ್ಲದ್ದರಿಂದ ಮೋರ್ ಅದನ್ನು ಕಲ್ಪನೆಯಾಗಿ ಕೊಡುತ್ತಾನೆ. ಇಲ್ಲಿ ರಂಗಭೂಮಿಯ ಕಸುಬೂ ಪ್ರಬೋಧಕನ ಕಸುಬೂ ಒಂದಾಗುತ್ತವೆ: ಕೇಳುವವನನ್ನು ಮತ್ತೊಬ್ಬನ ಸ್ಥಾನದಲ್ಲಿ ನಿಲ್ಲಿಸುವುದು. ನಮ್ಮ ಕನ್ನಡದಲ್ಲಿ ‘ಪರದೇಶಿ’ ಎಂದರೆ ಅನ್ಯದೇಶದವನೂ ಹೌದು, ದಿಕ್ಕಿಲ್ಲದವನೂ ಹೌದು. ಮೋರ್ ಇಷ್ಟು ಮಾತಾಡಿ ತಿಳಿಸಬೇಕಾದ ಸಂಬಂಧವನ್ನು ನಮ್ಮ ಭಾಷೆ ಒಂದೇ ಪದದಲ್ಲಿ ಕಾದಿರಿಸಿದೆ.

೫. ನಾಟಕದ ಕೊರತೆ, ನಾಟಕದ ಸತ್ಯ

ಈ ಮೆಚ್ಚುಗೆ ನಾಟಕದ ದೋಷಗಳನ್ನು ಮರೆಸಬಾರದು. ಆರಂಭದ ದೃಶ್ಯದ ಪರದೇಶಿಗಳು ದುಷ್ಟರು: ಒಬ್ಬ ಡಾಲಳನ್ನು ಬಲವಂತವಾಗಿ ಎಳೆಯುತ್ತಾನೆ, ಇನ್ನೊಬ್ಬ ಅವಳ ಗಂಡ ಹಣ ಕೊಟ್ಟು ಕೊಂಡ ಪಾರಿವಾಳಗಳನ್ನು ಕಸಿಯುತ್ತಾನೆ. ಕೂಸು ಹೊತ್ತು ನಡೆಯುವ ಬಡ ಪರದೇಶಿ ಮೋರನ ಮಾತಿನಲ್ಲಿದ್ದಾನೆ, ರಂಗದ ಮೇಲೆ ಅವನಿಗೆ ಬಾಯಿಲ್ಲ. ಇತಿಹಾಸವನ್ನೂ ನಾಟಕ ಸಿಹಿಗೊಳಿಸಿದೆ. 1517ರಲ್ಲಿ ಅಂಡರ್‌ಶೆರಿಫನಾಗಿದ್ದ ಮೋರ್ ಜನರನ್ನು ಬೇಡಿಕೊಂಡದ್ದು ನಿಜ. ಅವರು ಮಣಿಯುವ ಹೊತ್ತಿಗೆ ಹತ್ತಿರದ ಮನೆಗಳಿಂದ ಕಲ್ಲು ತೂರಿಬಂದು ಗಲಭೆ ಮತ್ತೆ ಭುಗಿಲೆದ್ದಿತು. ನಾಟಕದಲ್ಲಿ ಮಾತು ಗೆಲ್ಲುತ್ತದೆ.

ಆದರೂ ನಾಟಕ ಪೂರ್ತಿ ಸಿಹಿಯಲ್ಲ. ಮೋರನ ಮಾತನ್ನು ನಂಬಿ, ಕ್ಷಮೆ ಕೊಡಿಸುವನೆಂಬ ಭರವಸೆಯ ಮೇಲೆ ಲಿಂಕನ್ ಶರಣಾಗುತ್ತಾನೆ. ಕ್ಷಮೆಯ ಸುದ್ದಿ ಬರುವಾಗ ಡಾಲ್ ನೇಣಿನ ಏಣಿಯ ಬಳಿ ಇದ್ದಾಳೆ. ಲಿಂಕನ್ ಆಗಲೇ ಸತ್ತಿದ್ದಾನೆ. ಜನರನ್ನು ಶಾಂತಗೊಳಿಸಿದವನ ಹೊಣೆ ಜನ ಚದರಿದ ಮೇಲೂ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷ್ಯ ಬೇಕಿಲ್ಲ. ವಿಧೇಯತೆಯನ್ನು ಬೋಧಿಸುವವನು, ವಿಧೇಯರಾದವರಿಗೆ ನ್ಯಾಯ ಸಿಕ್ಕಿತೇ ಎಂದು ಕೇಳಲೇಬೇಕು.

ಉತ್ತರಾರ್ಧದಲ್ಲಿ ಮೋರನೇ ಆಜ್ಞೆಗೆ ಮಣಿಯುವುದಿಲ್ಲ. ರಾಜನು ಕಳುಹಿಸಿದ ಕಟ್ಟಳೆಗಳಿಗೆ ರೋಚೆಸ್ಟರಿನ ಬಿಷಪರೂ ಅವನೂ ಸಹಿ ಹಾಕುವುದಿಲ್ಲ. ಆ ಕಟ್ಟಳೆಗಳಲ್ಲಿ ಏನಿತ್ತೆಂದು ನಾಟಕ ಹೇಳುವುದೇ ಇಲ್ಲ. ರಾಣಿಯ ತಂದೆಯನ್ನು ಧರ್ಮಸಭೆಯ ಶಿರಸ್ಸೆಂದು ಒಪ್ಪದವನ ಕಥೆಯನ್ನು ರಾಣಿಯ ನಗರದಲ್ಲಿ ಬಿಡಿಸಿ ಹೇಳಲು ಸಾಧ್ಯವಿರಲಿಲ್ಲ. ದಂಗೆಯ ಕಾರಣವನ್ನು ಅಧಿಕಾರಿ ತೆಗೆಸಿದನು. ಮನಸ್ಸಾಕ್ಷಿಯ ಕಾರಣವನ್ನು ನಾಟಕಕಾರರು ತಾವೇ ಬಿಟ್ಟರು. ಇಲ್ಲಿ ವಿರೋಧಾಭಾಸವಿದೆಯೇ? ದಂಗೆಯ ಮುಂದೆ ರಾಜನನ್ನು ದೇವರ ಪ್ರತಿನಿಧಿಯೆಂದವನು ಕೊನೆಗೆ ಆ ರಾಜನಿಗೇ ಇಲ್ಲವೆನ್ನುತ್ತಾನೆ. ಭಾಷಣದ ಹೃದಯ ಎರಡನೆಯ ವಾದದಲ್ಲಿದ್ದರೆ ವಿರೋಧಾಭಾಸ ನಿಜ. ಹೃದಯ ಮೂರನೆಯದರಲ್ಲಿದ್ದರೆ ಮೋರ್ ಎರಡೂ ಕಡೆ ಒಬ್ಬನೇ: ಗುಂಪಿನ ಬಲವಾಗಲಿ ರಾಜನ ಬಲವಾಗಲಿ, ದೇವರು ಸೃಷ್ಟಿಸಿದ ಮನುಷ್ಯನ ಮೇಲೆ ಎಲ್ಲೆಯಿಲ್ಲದ ಅಧಿಕಾರವನ್ನು ಪಡೆದಿಲ್ಲ. ಅವನು ಕತ್ತಿಯೆತ್ತದೆ, ಶಪಿಸದೆ, ಮನಸ್ಸಾಕ್ಷಿಯನ್ನು ಬಿಟ್ಟುಕೊಡದೆ ಸಾಯುತ್ತಾನೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದ ಪ್ರೇಷಿತರ ಮಾರ್ಗವೂ ಇದೇ.

ಪ್ರಬೋಧನಕಲೆಯನ್ನು ಕಲಿಯುವವರಿಗೆ ಈ ನಾಟಕ ಏಕೆ ಬೇಕೆಂಬುದು ಈಗ ಸ್ಪಷ್ಟವಾಗಬೇಕು. ಗಲಭೆಯ ದಿನಗಳಲ್ಲಿ ನಮ್ಮ ಪೀಠಗಳಿಗೆ ಎರಡು ಪ್ರಲೋಭನೆಗಳಿವೆ. ಒಂದು, ವಚನವನ್ನು ನಮ್ಮವರ ಹಕ್ಕುಪತ್ರವಾಗಿ ಓದಿದ 1517ರ ಪ್ರಬೋಧಕನದು. ಅದನ್ನು ನಾವು ಸುಲಭವಾಗಿ ಗುರುತಿಸಿ ದೂರವಿಡುತ್ತೇವೆ. ಇನ್ನೊಂದು ಟಿಲ್ನಿಯದು: ಶಾಂತಿಯ ಬಗ್ಗೆ ಒಂದು ಕಿರುವರದಿ, ಕಾರಣದ ಬಗ್ಗೆ ಮೌನ. ಇದು ವಿವೇಕದ ಉಡುಪು ತೊಟ್ಟು ಬರುವುದರಿಂದ ನಮ್ಮಲ್ಲಿ ಬಹುಮಂದಿ ಇದನ್ನು ಪಾಲನಾಧರ್ಮವೆಂದೇ ಭಾವಿಸಿದ್ದೇವೆ. ಶಾಂತಿಯಿಲ್ಲದಿರುವಾಗ ಶಾಂತಿ ಎನ್ನುತ್ತ, ಗಾಯವನ್ನು ಮೇಲೆ ಮೇಲೆ ಮಾತ್ರ ವಾಸಿಮಾಡುವವರನ್ನು ಕುರಿತು ಯೆರೆಮೀಯನು ಆಡಿದ ಕಟುನುಡಿ ನಮ್ಮ ಮೇಲೂ ಬೀಳುತ್ತದೆ.

ಬಾಗಿಲು ತೆರೆದಿಡಲು ಹೆನ್ಸ್ಲೋ ಮಾಡಿದ ಲೆಕ್ಕವನ್ನು ನಾವು ತಿರಸ್ಕರಿಸಲಾರೆವು. ದೋಣಿಯವರ ಮಕ್ಕಳು ಅದರ ಮೇಲೆ ಬದುಕಿದರು. ಆದರೆ ನಮ್ಮ ಪೀಠ ಶುಲ್ಕ ತೆತ್ತು ಪಡೆದ ಪರವಾನಗಿಯ ಮೇಲೆ ನಿಂತಿಲ್ಲ. ಜೂನ್ 22ರಂದು ಧರ್ಮಸಭೆ ಸಂತ ಜಾನ್ ಫಿಷರ್ ಮತ್ತು ಸಂತ ಥಾಮಸ್ ಮೋರರನ್ನು ಸ್ಮರಿಸುತ್ತದೆ. ಆ ದಿನದ ಪ್ರಬೋಧನೆಗೆ ಸಿದ್ಧರಾಗುವ ಯುವ ಗುರುಗಳು ಆ ಮೂರು ಪುಟಗಳನ್ನು ಒಮ್ಮೆ ಓದಿ, ತಮ್ಮ ಧರ್ಮಕೇಂದ್ರದಲ್ಲಿ ಪರದೇಶಿ ಯಾರು, ಅವನ ಬಗ್ಗೆ ತಾವು ಇದುವರೆಗೆ ಏನನ್ನು ಹೇಳದೆ ಬಿಟ್ಟಿದ್ದೇವೆ ಎಂದು ಕೇಳಿಕೊಂಡರೆ, ಅಂದು ಆಡಲಾಗದೆ ಉಳಿದ ನಾಟಕ ತನ್ನ ಕೆಲಸವನ್ನು ಮಾಡಿದಂತಾಗುತ್ತದೆ.